ಭಾರತೀಯ ವಾಯುಸೇನೆ ಮತ್ತು ನಮ್ಮ ಮಕ್ಕಳು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಅಧ್ಯಕ್ಷರೇ, ಈ ಸಂಘವನ್ನು ಕಟ್ಟಿ ಬೆಳೆಸಿದ ಹಿರಿಯರೇ, ಕೆಲಸ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದ ಅಮ್ಮಂದಿರೇ, ಅಣ್ಣ ಅಕ್ಕಂದಿರೇ, ಮುಂದಿನ ಸಾಲಿನಲ್ಲಿ ಕೂತು ಆಗಿನಿಂದ ಗಲಾಟೆ ಮಾಡುತ್ತಿರುವ ತಮ್ಮ ತಂಗಿಯರೇ,

ನಮ್ಮ ಕಾರ್ಯದರ್ಶಿ ಅಣ್ಣ ನನ್ನ ಹತ್ರ, "ವಿದ್ಯಾಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳು" ಅಂತ ಹೇಳಿದ್ರು. ನಾನು, "ವಾಯುಸೇನೆಯ ಬಗ್ಗೆ ಹೇಳ್ತೇನೆ" ಅಂದೆ. ಅವರು ಒಮ್ಮೆ ನನ್ನ ಮುಖ ನೋಡಿದ್ರು. "ನೀನು ಬಿಎ ಓದುವವ. ವಿಮಾನಕ್ಕೂ ನಿನಗೂ ಎಂತ ಸಂಬಂಧ ಮಾರಾಯ?" ಅಂತ ಕೇಳಿದ್ರು. ಆ ಪ್ರಶ್ನೆಗೆ ಉತ್ತರವೇ ಇವತ್ತಿನ ನನ್ನ ಮಾತು.

ಮೊದಲು ನನ್ನದೇ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ಪಾಸಾದ ವರ್ಷ ಪ್ಲಸ್ ವನ್ ಅರ್ಜಿ ಹಾಕಲಿಕ್ಕೆ ಅಕ್ಷಯ ಕೇಂದ್ರಕ್ಕೆ ಹೋಗಿದ್ದೆ. ಅಪ್ಪ ಕೆಲಸಕ್ಕೆ ಹೋಗಿದ್ದರು, ಅಮ್ಮ ಉದ್ಯೋಗ ಖಾತರಿ ಕೆಲಸದಲ್ಲಿದ್ದರು. ಯಾವ ಗ್ರೂಪ್ ಅಂತ ಕೇಳಿದಾಗ ಹ್ಯುಮಾನಿಟೀಸ್ ಅಂದುಬಿಟ್ಟೆ. ಸೈನ್ಸ್ ಆದರೆ ಟ್ಯೂಷನ್ ಬೇಕು, ಅದಕ್ಕೆ ದುಡ್ಡು ಬೇಕು ಎಂದು ಯಾರೋ ಹೇಳಿದ್ದು ತಲೆಯಲ್ಲಿತ್ತು. ಎರಡು ನಿಮಿಷದ ಕೆಲಸ, ಮುಗಿಯಿತು. ಆಮೇಲೆ ಬಿಎಗೆ ಸೇರಿ, ಒಂದು ದಿನ ವಾಯುಸೇನೆಯ ಅಧಿಕಾರಿಗಳ ಪರೀಕ್ಷೆ ಎಎಫ್‌ಕ್ಯಾಟ್‌ನ ಜಾಹೀರಾತು ಓದಿದೆ. ಪೈಲಟ್ ಆಗಲಿಕ್ಕೆ ಯಾವ ಡಿಗ್ರಿಯೂ ಆಗ್ತದೆ, ಬಿಎ ಕೂಡ ಆಗ್ತದೆ, ಶೇಕಡಾ 60 ಅಂಕ ಬೇಕು ಎಂದಿತ್ತು. ಖುಷಿಯಾಯಿತು. ಕೆಳಗಿನ ಸಾಲಿನಲ್ಲಿ, ಪ್ಲಸ್ ಟುವಿನಲ್ಲಿ ಗಣಿತ ಮತ್ತು ಫಿಸಿಕ್ಸ್ ಎರಡರಲ್ಲೂ ಕನಿಷ್ಠ ಶೇಕಡಾ 50 ಇರಬೇಕು ಎಂದಿತ್ತು.

ಅಂದರೆ ನನಗೆ ಆ ಬಾಗಿಲು ಮುಚ್ಚಿದ್ದು ಬಿಎ ಸೇರಿದಾಗ ಅಲ್ಲ, ಅಕ್ಷಯ ಕೇಂದ್ರದಲ್ಲಿ, ಹದಿನಾರನೇ ವಯಸ್ಸಿನಲ್ಲಿ. ಮುಚ್ಚಿದ ಶಬ್ದವೂ ನನಗೆ ಕೇಳಿಸಲಿಲ್ಲ. ಹ್ಯುಮಾನಿಟೀಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಚರಿತ್ರೆ ನನಗೆ ಇಷ್ಟದ ವಿಷಯ. ಆದರೆ ಗೊತ್ತಿದ್ದು ಆರಿಸುವುದು ಬೇರೆ, ಗೊತ್ತಿಲ್ಲದೆ ಬಿಟ್ಟುಕೊಡುವುದು ಬೇರೆ. ಮುಂದಿನ ಸಾಲಿನ ನಿಮಗೆ ಹಾಗೆ ಆಗಬಾರದು ಅಂತ ಈ ವಿಷಯ ತೆಗೆದುಕೊಂಡೆ.

ಚರಿತ್ರೆ ಓದುವವನಾದ್ದರಿಂದ ಚರಿತ್ರೆಯಿಂದಲೇ ಶುರು ಮಾಡುತ್ತೇನೆ. ಭಾರತೀಯ ವಾಯುಸೇನೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು, ಬ್ರಿಟಿಷರ ಕಾಲದಲ್ಲಿ. ಇವತ್ತಿಗೂ ಅಕ್ಟೋಬರ್ 8 ವಾಯುಸೇನಾ ದಿನ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಮೊದಲ ತುಕಡಿ ಸೇರಿತು. ಆಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಆರು ಮಂದಿ ಅಧಿಕಾರಿಗಳು, ಹತ್ತೊಂಬತ್ತು ಮಂದಿ ಸಿಪಾಯಿಗಳು. ಈ ಸಿಪಾಯಿಗಳಿಗೆ 'ಹವಾಯಿ ಸಿಪಾಯಿ' ಅಂತ ಹೆಸರು. ಅವರು ವಿಮಾನ ಹಾರಿಸುವವರಲ್ಲ. ಬೋಲ್ಟ್ ಬಿಗಿ ಮಾಡುವವರು, ಎಂಜಿನ್ ಬಿಚ್ಚಿ ಜೋಡಿಸುವವರು. ಆರು ಜನಕ್ಕೆ ಹತ್ತೊಂಬತ್ತು ಜನ. ಈ ಲೆಕ್ಕ ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಎರಡನೇ ಮಹಾಯುದ್ಧ ಮುಗಿಯುವ ವರ್ಷ, 1945ರಲ್ಲಿ, ಇದಕ್ಕೆ 'ರಾಯಲ್' ಎಂಬ ಬಿರುದು ಸಿಕ್ಕಿತು. ನಾವು ಗಣರಾಜ್ಯವಾದ 1950ರಲ್ಲಿ ಆ ಬಿರುದು ಹೋಯಿತು. 1954ರಲ್ಲಿ ಸುಬ್ರತೋ ಮುಖರ್ಜಿ ಮೊದಲ ಭಾರತೀಯ ಮುಖ್ಯಸ್ಥರಾದರು. ಮೊದಲ ಆರು ಅಧಿಕಾರಿಗಳಲ್ಲಿ ಅವರೂ ಒಬ್ಬರು.

ಇದೇ ಕಾಲದಲ್ಲಿ ನಮ್ಮ ಜನರ ಕಥೆ ಏನು? ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಬ್ರಿಟಿಷ್ ಭಾರತದ ಸೈನ್ಯದಲ್ಲಿ ಸುಬೇದಾರರು. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ಎಂಬ ಸೈನಿಕ ಶಿಬಿರದ ಊರಿನಲ್ಲಿ. ಸೈನ್ಯದ ಕೆಲಸ ಇದ್ದದ್ದರಿಂದ ಆ ಮನೆಗೆ ಅಕ್ಷರ ಬಂತು. ಆದರೆ 1890ರ ದಶಕದಲ್ಲಿ ಬ್ರಿಟಿಷರು 'ಯುದ್ಧವೀರ ಜಾತಿಗಳು' ಅಂತ ಒಂದು ಪಟ್ಟಿ ಹಿಡಿದುಕೊಂಡು ಮಹಾರರ ಭರ್ತಿಯನ್ನು ನಿಲ್ಲಿಸಿದರು. ಮೊದಲ ಮಹಾಯುದ್ಧ ಬಂದಾಗ ಮತ್ತೆ ಕರೆದರು, ಯುದ್ಧ ಮುಗಿದ ಮೇಲೆ ಆ ದಳವನ್ನೇ ಮುಚ್ಚಿದರು. ಬೇಕಾದಾಗ ಬಾ, ಬೇಡವಾದಾಗ ಹೋಗು. ಗದ್ದೆ ಕೆಲಸಕ್ಕೆ ಕರೆದ ಹಾಗೆಯೇ. 1941ರಲ್ಲಿ ಬಾಬಾಸಾಹೇಬರು ವೈಸರಾಯರ ರಕ್ಷಣಾ ಮಂಡಳಿಯಲ್ಲಿ ಸದಸ್ಯರಾಗಿದ್ದರು. ನಮ್ಮವರಿಗೆ ಸೈನ್ಯದ ಬಾಗಿಲು ತೆರೆಯಬೇಕು ಎಂದು ಅವರು ಪಟ್ಟು ಹಿಡಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಎಲ್ಲಿ ಗೊತ್ತುಂಟಾ? ಕನ್ನಡ ನಾಡಿನ ಬೆಳಗಾವಿಯಲ್ಲಿ.

ಭೂಸೇನೆಯಲ್ಲಿ ಹೀಗೆ ಜಾತಿಯ, ಪ್ರದೇಶದ ಹೆಸರಿನ ದಳಗಳಿವೆ. ವಾಯುಸೇನೆಯಲ್ಲಿ ಜಾತಿ ಹೆಸರಿನ ದಳ ಇಲ್ಲ. ಎಲ್ಲ ಊರಿನ, ಎಲ್ಲ ಜನರ ಮಕ್ಕಳು ಒಂದೇ ಬ್ಯಾರಕ್, ಒಂದೇ ಮೆಸ್. ಕೇಳಲಿಕ್ಕೆ ಚಂದ. ಆದರೆ ಅಲ್ಲಿ ಒಳಗೆ ಹೋಗುವ ದಾರಿ ಪರೀಕ್ಷೆ. ಇಂಗ್ಲಿಷ್, ಗಣಿತ, ವಿಜ್ಞಾನ. ಗೇಟಿನಲ್ಲಿ ನಿಂತವನು ಜಾತಿ ಕೇಳುವುದಿಲ್ಲ, ಆದರೆ ಯಾವ ಶಾಲೆ, ಯಾವ ಪುಸ್ತಕ, ಯಾವ ಟ್ಯೂಷನ್ ಎಂಬುದು ಪ್ರಶ್ನೆಪತ್ರಿಕೆಯ ಒಳಗೇ ಕೂತಿರುತ್ತದೆ.

ಈಗ ವಾಯುಸೇನೆ ಹೇಗೆ ಕಟ್ಟಲ್ಪಟ್ಟಿದೆ ಎಂದು ನೋಡುವ. ಎಲ್ಲಕ್ಕಿಂತ ಮೇಲೆ ಏರ್ ಚೀಫ್ ಮಾರ್ಷಲ್, ದೆಹಲಿಯಲ್ಲಿ. ಕೆಳಗೆ ಏಳು ಕಮಾಂಡುಗಳು. ಪಶ್ಚಿಮ ಕಮಾಂಡ್ ದೆಹಲಿಯಲ್ಲಿ, ನೈಋತ್ಯ ಗಾಂಧಿನಗರದಲ್ಲಿ, ಮಧ್ಯ ಪ್ರಯಾಗ್‌ರಾಜ್‌ನಲ್ಲಿ, ಪೂರ್ವ ಶಿಲ್ಲಾಂಗ್‌ನಲ್ಲಿ, ದಕ್ಷಿಣ ನಮ್ಮ ತಿರುವನಂತಪುರದಲ್ಲಿ. ಈ ಐದು ಯುದ್ಧದ ಕೆಲಸ ನೋಡುತ್ತವೆ. ಉಳಿದ ಎರಡರಲ್ಲಿ ರಿಪೇರಿ, ಬಿಡಿಭಾಗದ ಕಮಾಂಡ್ ನಾಗಪುರದಲ್ಲಿ, ತರಬೇತಿ ಕಮಾಂಡ್ ಬೆಂಗಳೂರಿನಲ್ಲಿ. ಕಮಾಂಡಿನ ಕೆಳಗೆ ವಾಯುನೆಲೆಗಳು, ನೆಲೆಯಲ್ಲಿ ಸ್ಕ್ವಾಡ್ರನ್‌ಗಳು. ಒಂದು ಯುದ್ಧವಿಮಾನದ ಸ್ಕ್ವಾಡ್ರನ್ ಅಂದರೆ ಸುಮಾರು ಹದಿನಾರರಿಂದ ಹದಿನೆಂಟು ವಿಮಾನ.

ಜನರಲ್ಲಿ ಎರಡು ಸಾಲು. ಒಂದು ಅಧಿಕಾರಿಗಳದ್ದು, ಫ್ಲೈಯಿಂಗ್ ಆಫೀಸರ್‌ನಿಂದ ಏರ್ ಚೀಫ್ ಮಾರ್ಷಲ್‌ವರೆಗೆ. ಇನ್ನೊಂದು ಏರ್‌ಮನ್‌ಗಳದ್ದು. ಕಾರ್ಪೊರಲ್, ಸಾರ್ಜೆಂಟ್, ಜೂನಿಯರ್ ವಾರಂಟ್ ಆಫೀಸರ್ ಹೀಗೆ ಮಾಸ್ಟರ್ ವಾರಂಟ್ ಆಫೀಸರ್‌ವರೆಗೆ. ಅಧಿಕಾರಿಗಳಲ್ಲೂ ಎಲ್ಲರೂ ಹಾರುವವರಲ್ಲ. ತಾಂತ್ರಿಕ ಶಾಖೆ ಉಂಟು. ಆಡಳಿತ, ಲೆಕ್ಕಪತ್ರ, ಸರಬರಾಜು, ಶಿಕ್ಷಣ, ಹವಾಮಾನ ಎಲ್ಲ ಉಂಟು. ಸಿನಿಮಾದಲ್ಲಿ ನಮಗೆ ಕಾಣುವುದು ಕಪ್ಪು ಕನ್ನಡಕದ ಪೈಲಟ್ ಮಾತ್ರ. ಆದರೆ ಹತ್ತೊಂಬತ್ತು ಹವಾಯಿ ಸಿಪಾಯಿಗಳ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ಒಬ್ಬ ಹಾರಬೇಕಾದರೆ ನೆಲದಲ್ಲಿ ಹಲವರು ಬೇಕು. ವಾಯುಸೇನೆಯ ಹೆಚ್ಚಿನ ಜನ ನೆಲದಲ್ಲಿ ಕೆಲಸ ಮಾಡುವವರು.

ಒಂದು ಉದಾಹರಣೆ ಹೇಳುತ್ತೇನೆ. 2021ರ ಡಿಸೆಂಬರ್ 8ರಂದು ಕೂನೂರಿನಲ್ಲಿ ಹೆಲಿಕಾಪ್ಟರ್ ಬಿದ್ದು ಜನರಲ್ ಬಿಪಿನ್ ರಾವತ್ ತೀರಿಹೋದದ್ದು ನಿಮಗೆಲ್ಲ ನೆನಪಿರಬಹುದು. ಅದೇ ಹೆಲಿಕಾಪ್ಟರಿನಲ್ಲಿ ತೃಶೂರು ಜಿಲ್ಲೆಯ ಎ. ಪ್ರದೀಪ್ ಎಂಬ ಜೂನಿಯರ್ ವಾರಂಟ್ ಆಫೀಸರ್ ಇದ್ದರು. ಅವರು ವಾಯುಸೇನೆಗೆ ಸೇರಿದ್ದು ನೆಲದ ಮೇಲೆ ಆಯುಧ ಜೋಡಿಸುವ ಫಿಟ್ಟರ್ ಆಗಿ. ಆಮೇಲೆ ಹೆಲಿಕಾಪ್ಟರಿನ ಸಿಬ್ಬಂದಿಗೆ ಆಯ್ಕೆಯಾದರು. 2018ರ ಕೇರಳದ ಮಹಾಪ್ರವಾಹದಲ್ಲಿ ನೀರಲ್ಲಿ ಸಿಕ್ಕಿಬಿದ್ದವರನ್ನು ಎತ್ತಿದವರಲ್ಲಿ ಅವರೂ ಇದ್ದರು. ಪೈಲಟ್ ಅಲ್ಲದವನೂ ಆಕಾಶಕ್ಕೆ ಹೋಗುತ್ತಾನೆ.

2024ರ ಜುಲೈ 30ರ ರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗಲೂ ಹಾಗೆಯೇ. ಅಲ್ಲಿ ತೀರಿಹೋದವರಲ್ಲಿ ಎಸ್ಟೇಟಿನ ಪಾಡಿಗಳಲ್ಲಿದ್ದ ಕೂಲಿಯವರೂ ಇದ್ದರು. ವಾಯುಸೇನೆಯ ಹೆಲಿಕಾಪ್ಟರುಗಳು ಬಂದವು. ಸೇತುವೆಯ ಕಬ್ಬಿಣದ ಭಾಗಗಳನ್ನು ದೊಡ್ಡ ವಿಮಾನದಲ್ಲಿ ನಮ್ಮ ಪಕ್ಕದ ಕಣ್ಣೂರಿಗೆ ತಂದು ಇಳಿಸಿದರು. ಅಲ್ಲಿಂದ ಲಾರಿಯಲ್ಲಿ ಸಾಗಿಸಿ ಭೂಸೇನೆಯವರು ಸೇತುವೆ ಕಟ್ಟಿದರು. ಯುದ್ಧ ಇಲ್ಲದ ದಿನವೂ ಈ ಸೇನೆಗೆ ಕೆಲಸ ಉಂಟು.

ನಾವು 1956ರಲ್ಲಿ ಕೇರಳಕ್ಕೆ ಸೇರಿದವರು. ಆದರೂ ನಮ್ಮ ಭಾಷೆಯ ನಾಡಿನಲ್ಲಿ ವಾಯುಸೇನೆಯ ಎಷ್ಟು ಕೆಲಸ ನಡೆಯುತ್ತದೆ ನೋಡಿ. ಏರ್‌ಮನ್‌ಗಳಿಗೆ ಮೊದಲ ಪಾಠ ಬೆಳಗಾವಿಯ ಸಾಂಬ್ರಾದಲ್ಲಿ. ತಾಂತ್ರಿಕ ತರಬೇತಿ ಬೆಂಗಳೂರಿನ ಜಾಲಹಳ್ಳಿಯಲ್ಲಿ. ಯುದ್ಧವಿಮಾನದ ಪೈಲಟ್ ಆಗುವವರು ಬೀದರಿನಲ್ಲಿ ಹಾಕ್ ವಿಮಾನದಲ್ಲಿ ಕಲಿಯುತ್ತಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡವೂ ಬೀದರಿನದ್ದೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. 1961ರಲ್ಲಿ 'ಮಾರುತ್', 2001ರ ಜನವರಿ 4ರಂದು 'ತೇಜಸ್' ಅಲ್ಲಿಯೇ ಮೊದಲು ಹಾರಿದವು. ರೇಡಾರ್ ಮಾಡುವ ಬಿಇಎಲ್ ಕೂಡ ಬೆಂಗಳೂರಿನದ್ದು.

ಹತ್ತಿರದ ಇನ್ನೊಂದು ಹೆಸರು ಹೇಳಲೇಬೇಕು. ಪಾಣತ್ತೂರಿನಿಂದ ಘಟ್ಟ ಹತ್ತಿದರೆ ಕೊಡಗು. ಅಲ್ಲಿಯ ಅಜ್ಜಮಾಡ ಬೋಪಯ್ಯ ದೇವಯ್ಯ, ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿದ್ದರು. ಅವರ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅವರನ್ನು ಬೆನ್ನಟ್ಟಿತು. ದೇವಯ್ಯ ಓಡಲಿಲ್ಲ, ತಿರುಗಿ ಹೋರಾಡಿ ಅದನ್ನು ಬೀಳಿಸಿದರು. ತಾವು ಮರಳಿ ಬರಲಿಲ್ಲ. ಅಲ್ಲಿ ಏನಾಯಿತೆಂದು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಪಾಕಿಸ್ತಾನದ ಕಡೆಯಿಂದ ಬರೆದ ಒಬ್ಬ ಇಂಗ್ಲಿಷ್ ಲೇಖಕನ ಪುಸ್ತಕದಿಂದ ವರ್ಷಗಳ ನಂತರ ವಿಷಯ ಹೊರಬಂತು. 1988ರಲ್ಲಿ, ಇಪ್ಪತ್ತಮೂರು ವರ್ಷ ಕಳೆದು, ಅವರಿಗೆ ಮಹಾವೀರ ಚಕ್ರ ಕೊಟ್ಟರು. ಬರೆದಿಡದ ಶೌರ್ಯಕ್ಕೆ ಇಪ್ಪತ್ತಮೂರು ವರ್ಷ ಕಾಯಬೇಕಾಯಿತು. ನಮ್ಮ ಅಜ್ಜ ಅಜ್ಜಿಯರು ಮಾಡಿದ ಕೆಲಸವನ್ನು ಯಾರೂ ಬರೆದಿಟ್ಟಿಲ್ಲ ಎಂದು ನನಗೆ ಆಗ ನೆನಪಾಯಿತು.

ಇನ್ನು ಸುರಕ್ಷೆಯ ವಿಷಯ. ದೇಶವನ್ನು ಕಾಯುವ ಸೇನೆಗೆ ತನ್ನನ್ನು ತಾನು ಕಾಯುವ ಕೆಲಸವೂ ಉಂಟು. 2016ರ ಜನವರಿ 2ರ ಬೆಳಗಿನ ಜಾವ ಪಂಜಾಬಿನ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ಗೋಡೆ ಹತ್ತಿ ನುಗ್ಗಿದರು. ನಮ್ಮ ಕಡೆಯ ಏಳು ಮಂದಿ ಯೋಧರು ಸತ್ತರು. ಅವರಲ್ಲಿ ಐದು ಮಂದಿ ರಕ್ಷಣಾ ಭದ್ರತಾ ದಳದವರು, ಅಂದರೆ ಸೈನ್ಯದಲ್ಲಿ ಒಮ್ಮೆ ಸೇವೆ ಮುಗಿಸಿ ಮತ್ತೆ ಕಾವಲು ಕೆಲಸಕ್ಕೆ ಸೇರಿದವರು. ಒಬ್ಬರು ವಾಯುಸೇನೆಯದೇ ಗರುಡ್ ಕಮಾಂಡೊ. ಇನ್ನೊಬ್ಬರು ಎನ್‌ಎಸ್‌ಜಿಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್, ಪಾಲಕ್ಕಾಡು ಮೂಲದವರು, ಬೆಂಗಳೂರಿನಲ್ಲಿ ಬೆಳೆದವರು.

2021ರ ಜೂನ್ 27ರಂದು ಜಮ್ಮುವಿನ ನೆಲೆಯ ಮೇಲೆ ಡ್ರೋನ್‌ನಿಂದ ಸ್ಫೋಟಕ ಬಿತ್ತು. ಗೋಡೆ ಎಷ್ಟು ಎತ್ತರ ಕಟ್ಟಿದರೂ ಸಾಲದು ಅಂತ ಅಂದು ಗೊತ್ತಾಯಿತು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ದಿನಗಳಲ್ಲಿ ಡ್ರೋನ್‌ಗಳು ಗುಂಪು ಗುಂಪಾಗಿ ಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅವುಗಳನ್ನು ತಡೆಯಲು ಎಲ್ಲ ರೇಡಾರುಗಳ ಮಾಹಿತಿಯನ್ನು ಒಂದೇ ಕಡೆ ಸೇರಿಸಿ ತೋರಿಸುವ ವ್ಯವಸ್ಥೆ ಇರಬೇಕು. ಆ ಜಾಲವನ್ನು ಮಾಡಿಕೊಟ್ಟದ್ದು ಬಿಇಎಲ್.

ತಪ್ಪುಗಳನ್ನೂ ಹೇಳಬೇಕು. 2019ರ ಫೆಬ್ರವರಿ 27ರಂದು, ಬಾಲಾಕೋಟ್ ದಾಳಿಯ ಮರುದಿನ, ಕಾಶ್ಮೀರದ ಬಡ್ಗಾಮಿನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಬೀಳಿಸಿತು. ಅದರಲ್ಲಿದ್ದ ಆರು ಮಂದಿಯೂ, ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಇದು ನಮ್ಮ ದೊಡ್ಡ ತಪ್ಪು ಎಂದು ವಾಯುಸೇನೆಯ ಮುಖ್ಯಸ್ಥರೇ ಒಪ್ಪಿಕೊಂಡರು. ವಿಮಾನಗಳ ಸಂಖ್ಯೆಯದ್ದೂ ಒಂದು ಚಿಂತೆ. ಯುದ್ಧವಿಮಾನದ 42 ಸ್ಕ್ವಾಡ್ರನ್ ಬೇಕೆಂದು ಮಂಜೂರಾಗಿದೆ. 1963ರಿಂದ ಹಾರುತ್ತಿದ್ದ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ನಿವೃತ್ತಿಯಾದ ಮೇಲೆ 29ಕ್ಕೆ ಇಳಿಯಿತು. ಆ ಜಾಗ ತುಂಬಬೇಕಾದದ್ದು ಬೆಂಗಳೂರಿನ ತೇಜಸ್. 2021ರಲ್ಲಿ 83, 2025ರಲ್ಲಿ ಮತ್ತೆ 97 ತೇಜಸ್‌ಗಳಿಗೆ ಸರ್ಕಾರ ಬೇಡಿಕೆ ಕೊಟ್ಟಿದೆ. ಅಂದರೆ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೂ ಅಲ್ಲಿ ವರ್ಷಗಟ್ಟಲೆ ಕೆಲಸ ಉಂಟು.

ಈಗ ನಮ್ಮ ವಿಷಯಕ್ಕೆ ಬರುವ. ಸೇನೆಯ ಸಮವಸ್ತ್ರದ ಹುದ್ದೆಗಳಿಗೆ ಮೀಸಲಾತಿ ಇಲ್ಲ. ಅಧಿಕಾರಿಗೂ ಇಲ್ಲ, ಏರ್‌ಮನ್‌ಗೂ ಇಲ್ಲ. ಪಿಎಸ್‌ಸಿ ಪರೀಕ್ಷೆಯ ಹಾಗೆ ನಮಗೆ ವಯಸ್ಸಿನ ರಿಯಾಯಿತಿಯೂ ಇಲ್ಲ. ಇದನ್ನು ತಿಳಿಯದೆ, "ನಮಗೆ ಐದು ವರ್ಷ ಹೆಚ್ಚು ಉಂಟಲ್ಲ" ಅಂತ ಕೂತು ವಯಸ್ಸು ದಾಟಿಸಿದವರಿದ್ದಾರೆ. ನನ್ನ ಚಿಕ್ಕಪ್ಪನ ಮಗ ಹಾಗೆಯೇ ಎರಡು ತಿಂಗಳಲ್ಲಿ ತಪ್ಪಿಸಿಕೊಂಡ. ಓಟದಲ್ಲಿ ಅವನನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಈಗ ಅವನು ಪೈಂಟಿಂಗ್ ಕೆಲಸಕ್ಕೆ ಹೋಗುತ್ತಾನೆ. ಇವತ್ತು ಇಲ್ಲಿ ಹಿಂದೆ ನಿಂತು ಕೇಳುತ್ತಿದ್ದಾನೆ. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.

ಹಾಗಾದ್ರೆ ಯಾವ ಬಾಗಿಲು ಯಾವಾಗ ತೆರೆದಿರುತ್ತದೆ? ಬರೆದುಕೊಳ್ಳಿ.

ಎನ್‌ಡಿಎ: ಪ್ಲಸ್ ಟು ಓದುವಾಗಲೇ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ವಾಯುಸೇನೆಗೆ ಫಿಸಿಕ್ಸ್, ಗಣಿತ ಬೇಕೇ ಬೇಕು. ಪರಿಶಿಷ್ಟ ಜಾತಿಯವರಿಗೆ ಅರ್ಜಿ ಶುಲ್ಕ ಇಲ್ಲ. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಹುಡುಗಿಯರಿಗೂ ಇದು ತೆರೆದಿದೆ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧವಿಮಾನದ ಮೊದಲ ಮಹಿಳಾ ಪೈಲಟ್‌ಗಳಾದರು. ತಂಗಿಯರೇ, ನಿಮಗೂ ಕೇಳಿಸಿತಲ್ಲ?

ಅಗ್ನಿವೀರವಾಯು: ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತೊಂದು. ಸೈನ್ಸ್ ಅಲ್ಲದವರೂ ಹಾಕಬಹುದು. ಒಟ್ಟು ಶೇಕಡಾ 50, ಇಂಗ್ಲಿಷಿನಲ್ಲೂ ಶೇಕಡಾ 50 ಬೇಕು. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಆಮೇಲೆ ನಾಲ್ವರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಪಿಂಚಣಿ ಇಲ್ಲ, ಒಂದು ಗಂಟು ಹಣ ಕೊಟ್ಟು ಕಳಿಸುತ್ತಾರೆ. ಇದನ್ನೂ ತಿಳಿದೇ ಹೋಗಬೇಕು.

ಎಎಫ್‌ಕ್ಯಾಟ್: ಡಿಗ್ರಿ ಆದವರಿಗೆ. ಹಾರುವ ಶಾಖೆಗೆ ವಯಸ್ಸು 20ರಿಂದ 24, ನೆಲದ ಶಾಖೆಗಳಿಗೆ 20ರಿಂದ 26. ಆಡಳಿತ, ಸರಬರಾಜಿನಂಥ ಶಾಖೆಗಳಿಗೆ ನನ್ನಂಥ ಬಿಎಯವರೂ ಹಾಕಬಹುದು.

ಇನ್ನು ವಾಯುಸೇನೆಯ ಸಮವಸ್ತ್ರ ಇಲ್ಲದ ಹುದ್ದೆಗಳು, ಅಂದರೆ ಗುಮಾಸ್ತ, ಡ್ರೈವರ್, ಬಡಗಿ, ಅಡುಗೆಯವರು ಇತ್ಯಾದಿ. ಇವುಗಳಲ್ಲಿ ನಮಗೆ ಮೀಸಲಾತಿ ಉಂಟು, ವಯಸ್ಸಿನ ರಿಯಾಯಿತಿಯೂ ಉಂಟು. ಎಚ್‌ಎಎಲ್, ಬಿಇಎಲ್‌ನಲ್ಲೂ ಮೀಸಲಾತಿ ಉಂಟು. ಐಟಿಐ ಕಲಿತವರನ್ನು ಅಲ್ಲಿ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ.

ಮತ್ತೊಂದು ತೊಡಕು ಭಾಷೆ. ಎಎಫ್‌ಕ್ಯಾಟ್ ಇಂಗ್ಲಿಷಿನಲ್ಲಿ, ಅಗ್ನಿವೀರವಾಯು ಇಂಗ್ಲಿಷ್ ಹಿಂದಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ ಅಂತ ಮೂರು ಭಾಷೆ ಸಂಭಾಳಿಸುವ ನಮ್ಮ ಮಕ್ಕಳಿಗೆ ನಾಲ್ಕನೆಯದು ಬರುವುದಿಲ್ಲ ಎಂದು ಹೇಳಿದವರು ಯಾರು? ಬರ್ತದೆ. ಅಭ್ಯಾಸ ಬೇಕು, ಅಷ್ಟೆ.

ಹೋದ ತಿಂಗಳು ಒಬ್ಬರು ಅಜ್ಜ ನನ್ನನ್ನು ಕೇಳಿದರು, "ಯಾರದೋ ಯುದ್ಧಕ್ಕೆ ನಮ್ಮ ಮಕ್ಕಳು ಯಾಕೆ ಸಾಯ್ಬೇಕು?" ಅಂತ. ಅದು ಸರಿಯಾದ ಪ್ರಶ್ನೆ. ಎಲ್ಲರೂ ಸೇನೆಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಯುದ್ಧ ಬೇಡ ಎಂದು ಹೇಳುವ ಹಕ್ಕೂ ನಮಗುಂಟು. ಆದರೆ ಬೇಡ ಅಂತ ನಾವು ಹೇಳಬೇಕು. ಗೊತ್ತಿಲ್ಲದೆ ತಪ್ಪಿಹೋದದ್ದನ್ನು ಬೇಡ ಅಂದ ಹಾಗೆ ಆಗುವುದಿಲ್ಲ.

ಕೊನೆಗೆ ಸಂಘದ ಹತ್ರ ನನ್ನದೊಂದು ಬೇಡಿಕೆ. ನಮ್ಮ ವಾಚನಾಲಯದಲ್ಲಿ ಒಂದು ರಿಜಿಸ್ಟರ್ ಇಡುವ. ಎಂಟನೇ ಕ್ಲಾಸಿನಿಂದ ಮೇಲಿನ ಎಲ್ಲ ಮಕ್ಕಳ ಹೆಸರು, ಹುಟ್ಟಿದ ತಾರೀಕು, ಕಲಿಯುವ ವಿಷಯ ಬರೆಯುವ. ಎದುರಿಗೆ ಯಾವ ಪರೀಕ್ಷೆಗೆ ಯಾವ ವರ್ಷದವರೆಗೆ ವಯಸ್ಸು ಉಂಟು ಎಂದು ಗುರುತು ಹಾಕುವ. ವಾಯುಸೇನೆ ಮಾತ್ರ ಅಲ್ಲ, ಎಲ್ಲ ಪರೀಕ್ಷೆಗಳದ್ದೂ ಇರಲಿ. ಎಸ್‌ಸಿ ಪ್ರಮೋಟರ್ ಅಕ್ಕನ ಸಹಾಯವನ್ನೂ ಕೇಳುವ. ಪ್ಲಸ್ ವನ್ ಅರ್ಜಿ ಹಾಕುವ ವಾರ ಯಾವ ಮಗುವೂ ಒಬ್ಬನೇ ಅಕ್ಷಯ ಕೇಂದ್ರಕ್ಕೆ ಹೋಗಬಾರದು, ಸಂಘದಿಂದ ಒಬ್ಬರು ಜೊತೆಗಿರಬೇಕು. ಆ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ನನ್ನ ಚಿಕ್ಕಪ್ಪನ ಮಗ ಬೆಳಿಗ್ಗೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತೇನೆ ಅಂತ ಒಪ್ಪಿದ್ದಾನೆ. ನಾನು ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತೇನೆ. ಗಣಿತಕ್ಕೆ ಯಾರಾದರೂ ಬೇಕು, ಈ ಸಭೆಯಲ್ಲಿದ್ದರೆ ದಯವಿಟ್ಟು ಕೈ ಎತ್ತಿ.

ಮುಂದಿನ ವಾರ್ಷಿಕೋತ್ಸವದಲ್ಲಿ ಆ ರಿಜಿಸ್ಟರನ್ನು ಇದೇ ವೇದಿಕೆಯಲ್ಲಿ ತೆರೆದು ಎಲ್ಲರ ಎದುರು ಓದುವ.